ತಡ್ಪೆ ಹಿಡಿದ ಹಾಗೆ ಹಿಡಿದ ಫೋನು

ನನ್ನ ಮೊಮ್ಮಗಳು ಮಾಡಿದ ಮೊಬೈಲಿನ ಆಟವನ್ನು ಅಂಥ ಆಟಗಳ ದೊಡ್ಡ ಪ್ರದರ್ಶನಕ್ಕೆ ಆರಿಸಿದ್ದಾರೆ. ನಮ್ಮೂರು ಬೆಂಗ್ರೆಯಿಂದ ಹೊಳೆ ದಾಟಿ ಪೇಟೆಗೆ ಹೋಗುವ ದೋಣಿ ಹತ್ತಿದವರಿಗೆಲ್ಲ ಇದನ್ನು ಹೇಳಿಯಾಯಿತು, ಮೀನಿನವಳಿಗೆ ಎರಡು ಸಲ ಹೇಳಿದೆ. ಇನ್ನು ಬರೆಯುವುದೊಂದು ಬಾಕಿ. ನಾಲ್ಕನೇ ಕ್ಲಾಸು ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವಳು ಸುರತ್ಕಲ್ ಕಡೆಗೆ ಬಸ್ಸಿನಲ್ಲಿ ಹೋಗಿ ಇಂಜಿನಿಯರಿಂಗ್ ಓದುತ್ತಾಳೆ. ಆದರೆ ಮೊಬೈಲಿನ ಆಟ ಮಾಡುವುದನ್ನು ಕಲಿತದ್ದು ಕಾಲೇಜಿನಲ್ಲಲ್ಲ. ಆ ಕೆಲಸದವರೆಲ್ಲ ತಮಗೆ ಗೊತ್ತಿದ್ದದ್ದನ್ನು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರಂತೆ. ಮನುಷ್ಯರ ಕೈ ಯಂತ್ರವನ್ನು ಹೇಗೆ ಮುಟ್ಟುತ್ತದೆ ಎಂಬುದಕ್ಕೇ ಪುಸ್ತಕಗಳುಂಟಂತೆ. ಬೇಕಾದ ಹಾಳೆಗಳನ್ನು ಅವಳು ಪ್ರಿಂಟು ತೆಗೆದು ನನ್ನ ಬೀಡಿ ನೂಲಿನಲ್ಲಿ ಹೊಲಿದಿಟ್ಟುಕೊಂಡಿದ್ದಳು.

ಪ್ರದರ್ಶನದವರು ಒಂದು ಷರತ್ತು ಹಾಕಿದ್ದರು. ಹಿಂದೆಂದೂ ಮೊಬೈಲಿನಲ್ಲಿ ಆಡದ ಒಬ್ಬರು, ಯಾರ ಸಹಾಯವೂ ಇಲ್ಲದೆ ಆಟದ ಮೊದಲ ಹಂತ ಮುಗಿಸಬೇಕು. ಅದರ ವೀಡಿಯೊ ಕಳಿಸಬೇಕು. ಇಲ್ಲದಿದ್ದರೆ ಆಟವನ್ನು ನೋಡುವುದೂ ಇಲ್ಲ. ಅವಳದ್ದು ಎರಡು ವರ್ಷದ ಕೆಲಸ.

"ಅಜ್ಜಿ, ನೀವು ಆಡ್ಬೇಕು."

"ನಾನಾ? ಊರಲ್ಲಿ ಬೇರೆ ಜನ ಇಲ್ವಾ ಮಾರಾಯ್ತಿ?"

"ಉಂಟು. ಎಲ್ಲರೂ ಫೋನು ಒತ್ತಿ ಒತ್ತಿ ಹಾಳಾಗಿದ್ದಾರೆ. ನೀವೊಬ್ರೇ ಬಾಕಿ."

ನನ್ನ ಕೈ ಕಾಣುವ ಹಾಗೆ ಇನ್ನೊಂದು ಫೋನು ಇಟ್ಟಳು. ಹಾಳೆಗಳ ಕಟ್ಟು ಹಿಡಿದು ಎದುರು ಕೂತಳು.

"ಇನ್ನು ನಾನು ಮಾತಾಡುದಿಲ್ಲ. ಕೋಪ ಅಂತ ತಿಳ್ಕೊಳ್ಬೇಡಿ. ಹೇಳಿಕೊಡ್ಬಾರ್ದು ಅಂತ ನಿಯಮ."

ಆಟದಲ್ಲಿ ಒಂದು ದೋಣಿ. ಬೆಂಗ್ರೆಯ ದಡದಿಂದ ಪೇಟೆಯ ದಡಕ್ಕೆ ಅದನ್ನು ದಾಟಿಸಬೇಕು. ಕೆಳಗೆ ಎರಡು ಬಾಣದ ಗುರುತು. ಒತ್ತಿದೆ. ದೋಣಿ ನಿಂತಲ್ಲೇ ನಿಂತಿತು. ಸೆರಗಿನಲ್ಲಿ ಬೆರಳು ಒರೆಸಿ ಮತ್ತೆ ಒತ್ತಿದೆ. ಐವತ್ತು ವರ್ಷ ಬೀಡಿ ಕಟ್ಟಿದ ಬೆರಳು. ತುದಿ ಒಣಗಿ ನುಣ್ಣಗಾಗಿದೆ, ಬಿಸಿ ಚಾ ಲೋಟವೂ ಅದಕ್ಕೆ ಗೊತ್ತಾಗುವುದಿಲ್ಲ. ರೇಷನ್ ಅಂಗಡಿಯ ಯಂತ್ರವೂ ನನ್ನ ಹೆಬ್ಬೆಟ್ಟನ್ನು ತೆಗೆದುಕೊಳ್ಳುವುದಿಲ್ಲ. "ಇನ್ನೊಮ್ಮೆ ಇಡಿ" ಅನ್ನುತ್ತಾರೆ, ಕೊನೆಗೆ "ನಾಳೆ ಬನ್ನಿ" ಅನ್ನುತ್ತಾರೆ. ನಾನು ಸುಮ್ಮನೆ ಬರುತ್ತೇನೆ.

ಮೊಮ್ಮಗಳು ತುಟಿ ಬಿಗಿದು ಏನೋ ಬರೆದುಕೊಳ್ಳುತ್ತಿದ್ದಳು. ಅವಳ ಎರಡು ವರ್ಷ ನನ್ನ ಬೆರಳಿನ ಕೆಳಗೆ ಮುಗಿಯುತ್ತಿದೆ ಎಂದು ತಿಳಿಯಿತು. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತಾಗ ಕಾಲು ನಮ್ಮದಲ್ಲ ಅನ್ನಿಸುತ್ತದಲ್ಲ, ಎದೆಯೊಳಗೆ ಹಾಗೆ ಇತ್ತು.

"ಎಲ್ಲ ಚೆನ್ನಾಗುಂಟು. ನನ್ನ ಬೆರಳು ಮಾತ್ರ ಸರಿ ಇಲ್ಲ" ಎಂದು ಫೋನು ವಾಪಸು ಕೊಟ್ಟೆ.

ಅವಳು ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟಳು. "ಆಡುವವರ ತಪ್ಪು ಅಂತ ಇಲ್ಲವೇ ಇಲ್ಲ ಅಜ್ಜಿ. ಮಾಡಿದವರದ್ದೇ ತಪ್ಪು. ಇಲ್ಲಿ ಬರ್ದಿದ್ದಾರೆ."

ಯಂತ್ರದ ಕಡೆಯವರು ಯಾರೂ ನನಗೆ ಈ ಮಾತು ಹೇಳಿರಲಿಲ್ಲ.

ಮರುದಿನ ವೀಡಿಯೊ ನೋಡುತ್ತಾ ಇದ್ದವಳು ನನ್ನನ್ನು ಕರೆದಳು. "ಅಜ್ಜಿ, ಇದೆಂತ ಮಾಡ್ತಾ ಇದ್ದೀರಿ?"

ದೋಣಿ ಹೋಗದಿದ್ದಾಗ ನನ್ನ ಎರಡು ಕೈ ಫೋನನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಮಾಡುತ್ತಿದ್ದವು. ನನಗೆ ಅದರ ಅರಿವೇ ಇರಲಿಲ್ಲ. ಬೀಡಿ ಕಟ್ಟುವ ನಾವು ಹೊಗೆಸೊಪ್ಪಿನ ಪುಡಿಯನ್ನು ತಡ್ಪೆಯಲ್ಲಿ, ಅಂದರೆ ಮೊರದಲ್ಲಿ, ಹಾಕಿ ಮಡಿಲಲ್ಲಿಟ್ಟುಕೊಳ್ಳುತ್ತೇವೆ. ಪುಡಿ ಒಂದು ಬದಿಗೆ ಸೇರಲು ಹೀಗೇ ಓರೆ ಮಾಡುವುದು.

"ತಡ್ಪೆ ಅಲ್ವಾ ಇದು?"

"ತಡ್ಪೆಯೇ. ಕೈಗೆ ಗೊತ್ತಿರುದು ಅದೊಂದೇ."

ಅವಳು ಬಾಣಗಳನ್ನು ತೆಗೆದು ಹಾಕಿದಳು. ಫೋನು ಯಾವ ಕಡೆ ವಾಲುತ್ತದೋ ದೋಣಿ ಆ ಕಡೆ ಹೋಗುವ ಹಾಗೆ ಮಾಡಿದಳು. ಕೆಲವು ದಿನ ಬಿಟ್ಟು ಮತ್ತೆ ಕೂರಿಸಿದಳು. "ನಾನು ಒಮ್ಮೆ ಆಡಿದವಳಲ್ವಾ?" ಎಂದು ಕೇಳಿದೆ. "ದೋಣಿ ಒಂದು ಗೇಣು ಹೋಗಿಲ್ಲ. ಅದನ್ನು ಆಡುದು ಅಂತಾರಾ? ಆದ್ರೂ ಅವರಿಗೆ ಎಲ್ಲ ಬರ್ದಿದ್ದೇನೆ, ಆಗ್ಬಹುದು ಅಂದ್ರು" ಎಂದಳು.

ಈ ಸಲ ದೋಣಿ ಹೊರಟಿತು. ಬಂಡೆ ತಪ್ಪಿಸಿತು, ಅಲೆ ಹತ್ತಿ ಇಳಿಯಿತು, ಆಚೆ ದಡ ಮುಟ್ಟಿತು. ವೀಡಿಯೊ ಓಡುತ್ತಿದ್ದ ಕಾರಣ ಅವಳು ಆಗಲೂ ಮಾತಾಡಲಿಲ್ಲ. ಹಾಳೆಗಳ ಕಟ್ಟನ್ನು ಮುಖಕ್ಕೆ ಒತ್ತಿಕೊಂಡಳು.

ಸುದ್ದಿ ಬಂದ ಮಧ್ಯಾಹ್ನ ನಾನು ಬೀಡಿ ಕಟ್ಟುತ್ತಿದ್ದೆ. "ಆಯ್ತು ಅಜ್ಜಿ, ತೆಗೊಂಡ್ರು" ಎಂದಳು.

"ಆಯ್ತಾ" ಎಂದು ಕೈಯಲ್ಲಿದ್ದ ಬೀಡಿ ಮುಗಿಸಿ ಇನ್ನೊಂದು ಎಲೆ ಎತ್ತಿಕೊಂಡೆ.

"ಎಂತ, ಖುಷಿ ಇಲ್ವಾ?"

"ಉಂಟು. ಎಲ್ಲಿ ಉಂಟು ಅಂತ ಗೊತ್ತಾಗುದಿಲ್ಲ."

ಮರುದಿನ ಪೇಟೆಗೆ ಹೊರಟೆ. ನಡು ಹೊಳೆಯಲ್ಲಿ ದೋಣಿ ಒಮ್ಮೆ ವಾಲಿದಾಗ, ಮಡಿಲಲ್ಲಿದ್ದ ನನ್ನ ಬರಿಗೈಗಳು ತಾವಾಗಿ ಇನ್ನೊಂದು ಬದಿಗೆ ವಾಲಿದವು. ಪಕ್ಕದ ಹೆಂಗಸು ನೋಡಿ ನಕ್ಕಳು. ಅವಳಿಗೆ ಹೇಳಲು ಶುರು ಮಾಡಿದೆ. ದಡ ಬಂದರೂ ಮುಗಿಯಲಿಲ್ಲ. ಅವಳೂ ನಾನೂ ಇಳಿಯದೆ, ಅದೇ ದೋಣಿಯಲ್ಲಿ ವಾಪಸು ಬಂದೆವು.