ಹಗಲಲ್ಲಿ ಹೇಳಿದ ಕತೆ

“...ಹಗಲಿನಾಗ ಕತಿ ಹೇಳಿದ್ರ ಸೋದರಮಾವ ದಾರಿ ತಪ್ತಾನ” ಎಂದೇನೋ ಆಯಿ, ನನ್ನ ಅವ್ವನ ತಾಯಿ, ಅನ್ನುತ್ತಿದ್ದಳು. ಇವತ್ತು ಪಕ್ಕದ ಮನೆಯಲ್ಲಿ ನೆಲಕ್ಕೆ ಹಾಸಲು ಕೊಯ್ಯುತ್ತಿದ್ದ ಪರಸಿ ಕಲ್ಲಿನ ಹಸಿ ವಾಸನೆಗೆ ಆ ಮಾತು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ನಮ್ಮೂರು ರಾವೂರಿನ ಆಚೆ ಕಲ್ಲುಗಣಿಯಲ್ಲಿ ಮಧ್ಯಾಹ್ನ ಮದ್ದು ಸಿಡಿದರೆ ನಮ್ಮ ಗೋಡೆಗಳು ನಡುಗುತ್ತಿದ್ದವು. ಅಲ್ಲಿ ಕೆಲಸಕ್ಕಿದ್ದ ಮಾವ, ಆಯಿಯ ಮಗ, ಅಂಥದೊಂದು ಸಿಡಿತದಲ್ಲಿ ತೀರಿಹೋದ. ಕೆಲವೇ ದಿನಗಳಲ್ಲಿ ಮತ್ತೆ ಸದ್ದಾದಾಗ ನಾನು ಜೋಳದ ಚೀಲಗಳ ಹಿಂದೆ ಅವಿತೆ. ಆಯಿ ರಟ್ಟೆ ಹಿಡಿದು ಎಳೆದಳು.

“ಹೊರಗ ಬಾ, ಅಂಜುಬುರುಕಿ. ಕತಿ ಹೇಳ್ತೀನಿ.”

“ಈಗ ಬ್ಯಾಡ ಆಯಿ, ಮಾವ ದಾರಿ ತಪ್ತಾನ!”

“ಇನ್ನೆಲ್ಲಿ ತಪ್ತಾನ? ನೀ ಹೂಂ ಅನ್ಕೊಂತ ಕುಂದ್ರು.”

ಗೋಡೆ ನಡುಗಿತು; ಅವಳ ದನಿ ನಡುಗಲಿಲ್ಲ. ಆದರೆ ನಾನು ಹೂಂ ಅಂದ ಮೇಲೂ ಅವಳು ಪ್ರತಿ ಸಲ ತುಸು ಕಾಯುತ್ತಿದ್ದಳು.

ಆಯಿ, ಇನ್ಯಾರು ಹೂಂ ಅನ್ನಬೇಕಿತ್ತು?