ಪ್ರೇಮನಾಥರು ಓದಿ ಹೇಳಿದ ಸೂಚನೆ

ಒಮಾನಿನ ಅಲ್ ಖೌದ್‌ನ ಆ ಫಾರ್ಮಸಿಗೆ ಹೋಗಿ ಯಾವ ಕಾಯಿಲೆಯ ಹೆಸರು ಹೇಳಿದರೂ ಪ್ರೇಮನಾಥರ ಬಳಿ ಉತ್ತರ ಇರುತ್ತದೆ. ಊರು ಕಿನ್ನಿಗೋಳಿಯ ಹತ್ತಿರ, ಓದಿದ್ದು ಮಂಗಳೂರಿನಲ್ಲಿ, ಗಲ್ಫಿನ ಮೊದಲ ಕೆಲಸ ಸೂರ್‌ನಲ್ಲಿ, ಆಮೇಲೆ ಇಲ್ಲಿ. ಅರಬಿಯಲ್ಲಿ ಕೆಮ್ಮು, ಮಲಯಾಳದಲ್ಲಿ ಜ್ವರ, ಹಿಂದಿಯಲ್ಲಿ ಗ್ಯಾಸ್, ಎಲ್ಲವೂ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ದೇವರು ಎಲ್ಲರನ್ನೂ ಒಂದೊಂದು ಕೊರತೆ ಇಟ್ಟೇ ಕಳಿಸುತ್ತಾನೆ ನೋಡಿ, ಪ್ರೇಮನಾಥರಿಗೆ ಇಟ್ಟದ್ದು ನಾಚಿಕೆ. ಐವತ್ತು ದಾಟಿ, ತಲೆ ನರೆತು, ಮಗಳು ಕಾಲೇಜಿಗೆ ಹೋದರೂ ಇಳಿಯದ ನಾಚಿಕೆ.

ಹೆಂಗಸರು ಪ್ಯಾಡ್ ಕೇಳಿದರೆ ಅವರು ಗೋಡೆಯ ಮೇಲಿನ ಎಸಿಯನ್ನು ನೋಡುತ್ತಲೇ ಪ್ಯಾಕ್ ಮಾಡುತ್ತಿದ್ದರು. ಬಸಿರು ಪರೀಕ್ಷೆಯ ಕಿಟ್ ಕೇಳಿದರಂತೂ ಮುಗಿಯಿತು, "ಮಾರ್ಗರೆಟ್, ಒಮ್ಮೆ ಇತ್ತ ಬನ್ನಿ" ಎಂದು ಕರೆದು ತಾವು ಒಳಗಿನ ಸ್ಟೋರಿಗೆ ಹೋಗಿ ಕೆಮ್ಮಿನ ಸಿರಪ್ಪುಗಳನ್ನು ಜೋಡಿಸತೊಡಗುತ್ತಿದ್ದರು. ಆ ಅಂಗಡಿಯ ಸಿರಪ್ಪುಗಳಷ್ಟು ಸಾಲಾಗಿ ನಿಂತ ಸಿರಪ್ಪುಗಳು ಇಡೀ ಒಮಾನಿನಲ್ಲಿ ಇರಲಿಲ್ಲ. ಮಾರ್ಗರೆಟ್ ಅಲ್ಲಿನ ಇನ್ನೊಬ್ಬ ಫಾರ್ಮಸಿಸ್ಟ್, ಶಿರ್ವದವರು, ಗಟ್ಟಿ ಗಂಟಲಿನ ಹೆಂಗಸು. ಮನೆಯಲ್ಲಿ ಹೆಂಡತಿ ವಸಂತಿಗೆ ಇದೆಲ್ಲ ಕೇಳಿ ಕೇಳಿ ಸಾಕಾಗಿತ್ತು. "ಹಾಗಾದ್ರೆ ನಮ್ಮ ಇಬ್ಬರು ಮಕ್ಕಳನ್ನು ಸೂಪರ್ ಮಾರ್ಕೆಟಿನಿಂದ ತಂದದ್ದಾ ನೀವು?" ಎಂದು ಅವಳು ಕೇಳಿದರೆ ಪ್ರೇಮನಾಥರು ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

ಇಂಥವರ ಕೌಂಟರಿಗೇ ಒಂದು ಹೊಸ ನಿಯಮ ಬಂದು ಕೂತಿತು. ಗರ್ಭ ಇಳಿಸುವ ಗುಣದ ಔಷಧವನ್ನು ಎಲ್ಲೆಲ್ಲಿ ಕೊಡುತ್ತಾರೋ ಅಲ್ಲೆಲ್ಲ ಕಣ್ಣಿಗೆ ಬೀಳುವಂತೆ ಸೂಚನಾಫಲಕ ತೂಗುಹಾಕಬೇಕು, ಕೊಡುವ ಮೊದಲು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಓದಿಯೂ ಹೇಳಬೇಕು. ಗರ್ಭಪಾತದ ಮಾತ್ರೆ ಬೀದಿಬದಿಯ ಫಾರ್ಮಸಿಯಲ್ಲಿ ಎಲ್ಲಿಂದ ಬರಬೇಕು, ಅದು ದೊಡ್ಡಾಸ್ಪತ್ರೆಯ ಬೀಗದೊಳಗಿನ ವಿಷಯ. ಆದರೆ ಮಂಡಿನೋವಿಗೆ ಡಾಕ್ಟರು ಬರೆದುಕೊಡುವ ಒಂದು ಮಾತ್ರೆಯಲ್ಲಿ, ಹೊಟ್ಟೆ ಹುಣ್ಣಾಗದಿರಲಿ ಎಂದು ಅದೇ ಔಷಧವನ್ನು ಸ್ವಲ್ಪ ಸೇರಿಸಿರುತ್ತಾರೆ. ಹಾಗಾಗಿ ಇವರ ಗೋಡೆಗೂ ಅರಬಿ ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ, ಕಟ್ಟು ಹಾಕಿಸಿದ ಫಲಕ ಬಂತು. ಓದುವ ಕೆಲಸವನ್ನು ಮಾರ್ಗರೆಟ್‌ಗೆ ವಹಿಸಿ ಪ್ರೇಮನಾಥರು ನೆಮ್ಮದಿಯಾಗಿದ್ದರು. ಅಷ್ಟರಲ್ಲಿ ಮಾರ್ಗರೆಟ್ ತಂಗಿಯ ಮದುವೆಗೆಂದು ರಜೆ ಹಾಕಿ ಊರಿಗೆ ಹೋದರು.

ಒಂದು ಶುಕ್ರವಾರ ಸಂಜೆ, ಫಾರ್ಮಸಿ ಇದ್ದ ಕಟ್ಟಡದ ಮೂರನೇ ಮಹಡಿಯ ಕಾಂತಾಮಣಿ ಚೀಟಿ ಹಿಡಿದು ಬಂದರು. ಮೈಸೂರಿನವರು, ಅರವತ್ತು ದಾಟಿದ ಮಾತುಗಾರ್ತಿ, ಮಗ ಅನೂಪ್ ಮತ್ತು ಸೊಸೆ ಚಿತ್ರಾಳನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದಿದ್ದರು. ಚೀಟಿಯಲ್ಲಿ ಇದ್ದದ್ದು ಅದೇ ಮಂಡಿನೋವಿನ ಮಾತ್ರೆ.

"ಬೇಗ ಕೊಡಪ್ಪಾ, ಮನೇಲಿ ಲಲಿತಾ ಸಹಸ್ರನಾಮ ಇಟ್ಕೊಂಡಿದೀವಿ, ಹೆಂಗಸ್ರೆಲ್ಲ ಬಂದು ಕೂತವ್ರೆ, ಪಾರಾಯಣ ಇನ್ನೇನು ಮುಗಿಯುತ್ತೆ" ಎಂದರು.

ಪ್ರೇಮನಾಥರು ಫಲಕದ ಕಡೆ ನೋಡಿದರು. ನುಂಗಲಾರದ ಬಿಸಿತುಪ್ಪ ಅಂದರೆ ಏನೆಂದು ಅವರಿಗೆ ಆಗ ತಿಳಿಯಿತು. ಅಮ್ಮ ಎಂದು ಕರೆಯುವ ಹಿರಿಯರ ಎದುರು ನಿಂತು ಆ ಶಬ್ದ ಹೇಗೆ ಆಡುವುದು?

"ಅಮ್ಮ, ಒಂದು ಹೇಳ್ಲಿಕ್ಕುಂಟು. ಈ ಮಾತ್ರೆ... ಅದು... ಆ ಸ್ಥಿತಿಯಲ್ಲಿ ಇರುವವರು ತಗೊಳ್ಳಬಾರದು."

"ಯಾವ ಸ್ಥಿತಿ?"

"ಅದೇ... ಒಂಥರಾ... ನಿಮಗೆ ಅದೆಲ್ಲ ಇಲ್ಲ ಬಿಡಿ. ಊಟ ಆದ್ಮೇಲೆ ಒಂದು ತಗೊಳ್ಳಿ."

ಕಾಂತಾಮಣಿ ಪೊಟ್ಟಣ ಎತ್ತಿಕೊಂಡರು. ಬಾಗಿಲು ತಳ್ಳುತ್ತಾ, "ನಮ್ ಸೊಸೇನೂ ಎರಡು ದಿನದಿಂದ ಸೊಂಟ ಸೊಂಟ ಅಂತಾಳೆ, ಅವಳಿಗೂ ಇದ್ರಲ್ಲೇ ಒಂದು ಕೊಟ್ರಾಯ್ತು" ಎನ್ನುತ್ತಾ ಹೋದರು.

ಗಂಡಾಂತರ ದಾಟಿದ ಸಮಾಧಾನದಲ್ಲಿ ಪ್ರೇಮನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಮತ್ತೆ ಮೂಗಿಗೇರಿದಾಗ ಮುದುಕಿಯ ಕೊನೆಯ ಮಾತು ಕಿವಿಯಿಂದ ತಲೆಗೆ ಇಳಿಯಿತು. ಬಾಗಿಲಿಗೆ ಧಾವಿಸಿ ನೋಡಿದರು, ಅವರು ಆಗಲೇ ಹೋಗಿಯಾಗಿತ್ತು.

ಏಕೆಂದರೆ ಮೂರನೇ ಮಹಡಿಯ ಚಿತ್ರಾ ಹಿಂದಿನ ವಾರವಷ್ಟೇ ಬಂದು, ಬಸುರಿಯರು ನುಂಗುವ ಫೋಲಿಕ್ ಆಸಿಡ್ ಮಾತ್ರೆ ಕೊಂಡಿದ್ದಳು. ಮಾರ್ಗರೆಟ್ ಇಲ್ಲದ್ದರಿಂದ ಇವರೇ ಕೊಟ್ಟದ್ದು, ಎಸಿ ನೋಡುತ್ತಾ. "ಯಾರ್‌ಗೂ ಹೇಳ್ಬೇಡಿ ಅಂಕಲ್, ಅತ್ತೆಗೂ ಗೊತ್ತಿಲ್ಲ" ಎಂದು ಅವಳು ಮೆಲ್ಲಗೆ ಹೇಳಿ ಹೋಗಿದ್ದಳು.

ನಮ್ಮವರ ಗುಣ ನಿಮಗೂ ಗೊತ್ತಲ್ಲ. ಚಕ್ಕುಲಿ ಹಂಚುವ ಹಾಗೆಯೇ ಮಾತ್ರೆಯನ್ನೂ ಹಂಚುತ್ತೇವೆ. ನನಗೆ ಹಿಡಿದದ್ದು ನಿನಗೂ ಹಿಡಿಯುತ್ತದೆ ಎನ್ನುವುದು ನಮ್ಮ ವೈದ್ಯಶಾಸ್ತ್ರ. ಅದರಲ್ಲಿ ಪ್ರೀತಿಯೇ ಹೆಚ್ಚು, ಬೇರೇನಿಲ್ಲ. ಆದರೆ ಆ ಸಂಜೆ ಆ ಪ್ರೀತಿ ಇನ್ನೂ ಹುಟ್ಟದ ಒಂದು ಕೂಸಿಗೆ ಕುತ್ತು ತರುವುದರಲ್ಲಿತ್ತು, ಮತ್ತು ಅದನ್ನು ತಡೆಯಬೇಕಾದ ಒಂದೇ ಒಂದು ವಾಕ್ಯವನ್ನು ಪ್ರೇಮನಾಥರು ನಾಚಿಕೆಯಿಂದ ನುಂಗಿಬಿಟ್ಟಿದ್ದರು.

ಅನೂಪನಿಗೆ ಫೋನ್ ಮಾಡಿದರು. ಅದು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮನೆಗೆ ಹೋಗಿ ಏನೆಂದು ಹೇಳುವುದು? ನಿಮ್ಮ ಸೊಸೆ ಬಸುರಿ ಎಂದು ಹೇಳಿದರೆ ನಂಬಿ ಹೇಳಿದ ಹುಡುಗಿಗೆ ಮೋಸ. ಹೇಳದಿದ್ದರೆ ಅದಕ್ಕಿಂತ ದೊಡ್ಡ ಮೋಸ. ಅವರ ಕಣ್ಣು ಗೋಡೆಯ ಮೇಲೆ ಹೋಯಿತು. ಈ ಸಲ ಎಸಿಯ ಮೇಲಲ್ಲ, ಅದರ ಕೆಳಗಿದ್ದ ಫಲಕದ ಮೇಲೆ. ಅದನ್ನು ಮೊಳೆಯಿಂದ ಕಿತ್ತು ಕಂಕುಳಿಗೆ ಸೇರಿಸಿ, "ಶರ್ಫುದ್ದೀನ್, ಅಂಗಡಿ ನೋಡಿಕೊಳ್ಳಿ" ಎಂದು ಕ್ಯಾಷಿಯರ್‌ಗೆ ಹೇಳಿ ಓಡಿದರು. ಲಿಫ್ಟು ಯಾವುದೋ ಮಹಡಿಯಲ್ಲಿ ಯಾರದೋ ಸೋಫಾ ಹೇರಿಕೊಂಡು ನಿಂತಿತ್ತು. ಬಿಳಿ ಕೋಟಿನಲ್ಲೇ ಮೆಟ್ಟಿಲು ಹತ್ತಿದರು.

ಮೂರನೇ ಮಹಡಿಯ ಬಾಗಿಲಲ್ಲಿ ಹೆಂಗಸರ ಚಪ್ಪಲಿಗಳ ರಾಶಿ. ಒಳಗೆ ಸಹಸ್ರನಾಮ ಮುಗಿದು ಅರಿಶಿನ ಕುಂಕುಮ ನಡೆಯುತ್ತಿತ್ತು. ಹಾಲಿನ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಕೋಸಂಬರಿಯ ದೊನ್ನೆ. ಅಡುಗೆಮನೆಯ ಬಾಗಿಲ ಬಳಿ ಚಿತ್ರಾ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಕಾಂತಾಮಣಿ, "ನುಂಗು, ನುಂಗು, ಎಲ್ರೂ ಕಾಯ್ತಾವ್ರೆ, ತಾಂಬೂಲ ಕೊಡ್ಬೇಕು" ಎನ್ನುತ್ತಿದ್ದರು. ಬೇಡ ಎಂದರೆ ಯಾಕೆ ಎಂದು ಅಷ್ಟು ಜನರ ಎದುರು ಕೇಳುತ್ತಾರೆ. ಒಂದು ನೋವಿನ ಮಾತ್ರೆಯಲ್ಲಿ ಏನಾದೀತು ಎಂದು ಹುಡುಗಿ ಅದನ್ನು ಬಾಯಿಯ ಹತ್ತಿರ ತಂದಿದ್ದಳು.

"ಒಂದು ನಿಮಿಷ ನಿಲ್ಲಿ" ಎಂದರು ಪ್ರೇಮನಾಥರು.

ಹಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು. ಕಿವಿಯ ತುದಿಯವರೆಗೆ ಕೆಂಪಾದ ಗಂಡಸೊಬ್ಬ, ಎದೆಗವಚಿಕೊಂಡ ಫಲಕ, ಏದುಸಿರು.

"ಅಮ್ಮ, ಮಾತ್ರೆ ಕೊಡುವಾಗ ನಾನು ಇದನ್ನು ಪೂರ್ತಿ ಓದ್ಲಿಲ್ಲ. ನಿಯಮ ಉಂಟು, ಓದ್ಲೇಬೇಕು" ಎಂದು ಫಲಕವನ್ನು ಮುಖದ ಎದುರು ಹಿಡಿದರು. ಆಮೇಲೆ ಇಂಗ್ಲಿಷನ್ನು ಕನ್ನಡ ಮಾಡುತ್ತಾ, ನಮ್ಮ ಕಡೆಯ ಬಸ್ ಕಂಡಕ್ಟರು ಸ್ಟಾಪು ಕೂಗುವ ಹಾಗೆ ಓದಿದರು. "ಬಸುರಿ ಹೆಂಗಸರು ಈ ಮಾತ್ರೆ ತಿನ್ನಲೇಬಾರದು. ತಿಂದರೆ ಗರ್ಭ ಇಳಿದು ಹೋಗಬಹುದು. ಬಸುರಿಯೋ ಅಲ್ಲವೋ ಅಂತ ಸಂಶಯ ಇದ್ದವರೂ ತಿನ್ನಬಾರದು. ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡಬಾರದು."

ಪ್ರೇಮನಾಥರು ಚಿತ್ರಾಳತ್ತ ನೋಡಲಿಲ್ಲ, ಅಪ್ಪಿತಪ್ಪಿಯೂ ನೋಡಬಾರದೆಂದು ನೇರ ಕಾಂತಾಮಣಿಯನ್ನೇ ದಿಟ್ಟಿಸಿದರು. ಫಲಕದ ಕೊನೆಯ ಸಾಲು ಉಳಿದಿತ್ತು. "ಪ್ರಶ್ನೆ ಕೇಳ್ಬೇಕು ಅಂತ ಉಂಟು. ಅಮ್ಮ, ನೀವು ಬಸುರಿಯಾ?"

ಮೊದಲು ನಕ್ಕದ್ದು ಮೂಲೆಯಲ್ಲಿದ್ದ, ವಸಂತಿಯ ಗೆಳತಿ ಉಮಾವತಿ ಟೀಚರು. ಆಮೇಲೆ ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಕಾಂತಾಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಈ ವಯಸ್ಸಲ್ಲಿ ನನ್ ಮಾನ ತೆಗೀತೀಯಲ್ಲಪ್ಪಾ" ಎಂದು ನಗುತ್ತಾ ಸೊಸೆಯ ಕಡೆ ತಿರುಗಿದರು. ಚಿತ್ರಾ ನಗುತ್ತಿರಲಿಲ್ಲ. ಮಾತ್ರೆಯನ್ನು ಮೇಜಿನ ಮೇಲಿಟ್ಟು, ಆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಲೇ ಇದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಇಲ್ಲಿ ಬಾಯಿ ಬಿಡದೆಯೇ ಗುಟ್ಟು ರಟ್ಟಾಯಿತು. ಕಾಂತಾಮಣಿಯ ನಗು ನಿಂತಿತು.

"ಎಷ್ಟು ದಿನ ಆಯ್ತೇ?"

"ಎರಡು ತಿಂಗ್ಳು, ಅತ್ತೆ." ಎಂದಳು ಹುಡುಗಿ. "ಹೋದ್ಸಲ ಎಲ್ಲರ್‌ಗೂ ಹೇಳಿ ಹಂಗಾಯ್ತಲ್ಲ. ಮೂರು ತುಂಬೋವರ್‌ಗೂ ಬಾಯಿ ಬಿಡ್ಬೇಡ ಅಂತ ನೀವೇ ಅಂದಿದ್ರಿ."

"ಊರೋರ್ ಹತ್ರ ಬಿಡ್ಬೇಡ ಅಂದೆ ಕಣೇ. ನನ್ ಹತ್ರಾನೂ ಅಂದ್ನಾ?" ಎಂದವರೇ ಕಾಂತಾಮಣಿ ಸೊಸೆಯನ್ನು ಎದೆಗೆಳೆದುಕೊಂಡರು. ತಮ್ಮ ಕೈಯಾರೆ ಏನು ಮಾಡುವುದರಲ್ಲಿದ್ದೆ ಎಂಬುದು ಆಗ ಅವರಿಗೆ ಹೊಳೆದಿರಬೇಕು, ಸೊಸೆಯನ್ನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ಅತ್ತರು, ನಕ್ಕರು, ಮತ್ತೆ ಅತ್ತರು. ಹೆಂಗಸರು ಒಬ್ಬೊಬ್ಬರಾಗಿ ಚಿತ್ರಾಳ ಹಣೆಗೆ ಕುಂಕುಮ ಹಚ್ಚತೊಡಗಿದರು. ಪ್ರೇಮನಾಥರ ಕೈಗೆ ಯಾರೋ ಕೋಸಂಬರಿಯ ದೊನ್ನೆ ಇಟ್ಟರು. ಅವರು ಅದನ್ನು ಹಿಡಿದುಕೊಂಡು, ಫಲಕವನ್ನು ಮತ್ತೆ ಕಂಕುಳಿಗೆ ಸೇರಿಸಿ ಇಳಿದು ಬಂದರು.

ಮನೆಗೆ ಹೋಗಿ ವಸಂತಿಗೆ ಹೇಳಿದಾಗ ಅವಳು, "ಅಷ್ಟು ಹೆಂಗಸರ ಎದುರು? ನೀವಾ?" ಎಂದಳು. ನಂಬಲಿಲ್ಲ. ಮರುದಿನ ಉಮಾವತಿ ಟೀಚರು ಫೋನು ಮಾಡಿ ಅಭಿನಯ ಸಹಿತ ಹೇಳಿದ ಮೇಲೆ ನಂಬಿದಳು.

ಆಮೇಲೆ ಫಲಕದ ಪಕ್ಕದಲ್ಲಿ ಕನ್ನಡದ ಇನ್ನೊಂದು ಹಾಳೆ ಬಂತು. ಪ್ರೇಮನಾಥರೇ ಬರೆದದ್ದು. ಓದುವುದನ್ನೂ ರಜೆ ಮುಗಿಸಿ ಬಂದ ಮಾರ್ಗರೆಟ್‌ಗೆ ಬಿಟ್ಟುಕೊಡಲಿಲ್ಲ. ಅರಬಿಯಲ್ಲಿ, ಹಿಂದಿಯಲ್ಲಿ, ಮಲಯಾಳದಲ್ಲಿ ಗಟ್ಟಿಯಾಗಿ ಕೇಳುತ್ತಿದ್ದರು. ಕೆಲವರು ಮುಖ ಸಿಂಡರಿಸುತ್ತಿದ್ದರು, ಕೆಲವರು ನಗುತ್ತಿದ್ದರು. ಕಟ್ಟಡದ ಹುಡುಗರು ಬೆನ್ನ ಹಿಂದೆ ಅವರಿಗೆ ಬಸಿರು ಡಾಕ್ಟರ್ ಎಂದು ಹೆಸರಿಟ್ಟರು. ಸ್ಟೋರಿನ ಸಿರಪ್ಪುಗಳ ಸಾಲು ಮಾತ್ರ ಅಷ್ಟಿಷ್ಟು ಕೆಟ್ಟಿತು.

ಊರಿಗೆ ಹೋಗಿದ್ದ ಕಾಂತಾಮಣಿ ಸೊಸೆಯ ಬಾಣಂತನಕ್ಕೆ ಮತ್ತೆ ಬಂದರು. ಕೆಲವು ತಿಂಗಳ ಬಳಿಕ ಒಂದು ಬೆಳಿಗ್ಗೆ ಚೀಟಿ ಹಿಡಿದು ಫಾರ್ಮಸಿಗೆ ಇಳಿದರು. ಮಂಡಿ ಮತ್ತೆ ಹಿಡಿದಿತ್ತು. ಮಾರ್ಗರೆಟ್ ಪೊಟ್ಟಣ ತೆಗೆಯಲು ಹೋದರೆ, "ನೀನಲ್ಲ ತಾಯಿ, ಅವ್ರೇ ಓದಿ ಕೊಡ್ಲಿ" ಎಂದರು.

ಪ್ರೇಮನಾಥರು ಓದಿದರು. ಒಂದಕ್ಷರ ನುಂಗದೆ ಓದಿದರು. "ಅಮ್ಮ, ನೀವು ಬಸುರಿಯಾ?"

"ಇಲ್ಲ ಕಣಪ್ಪಾ."

"ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡ್ಲಿಕ್ಕಿಲ್ಲ, ನೆನಪುಂಟಲ್ಲ?"

"ಮಾತ್ರೆ ಕೊಡಲ್ಲ" ಎಂದರು ಕಾಂತಾಮಣಿ. "ಇದನ್ನ ಮಾತ್ರ ಒಂದ್ ಗಳಿಗೆ ಕೊಡ್ತೀನಿ, ಹಿಡ್ಕೊ." ಹೆಗಲ ಮೇಲೆ ನಿದ್ದೆ ಹೋಗಿದ್ದ ಮೊಮ್ಮಗಳನ್ನು ಕೌಂಟರಿನ ಆಚೆಗೆ ಚಾಚಿದರು.

ಪ್ರೇಮನಾಥರು ಎರಡೂ ಕೈಯಲ್ಲಿ ಕೂಸನ್ನು ಎತ್ತಿಕೊಂಡರು. ಅದು ಕಣ್ಣು ಬಿಟ್ಟು ಅವರನ್ನೇ ನೋಡಿತು. ಅವರು ಎಸಿಯ ಕಡೆ ನೋಡಲಿಲ್ಲ.