ಎತ್ತದ ಕೈ

ಮಾನ್ವಿಯ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಯಾವ ಚಿತ್ರವನ್ನೂ ಹಸಿಯಿದ್ದಾಗ ನೋಡುತ್ತಿರಲಿಲ್ಲ. "ಒಣಗಲಿ ತಡಿ, ಹಸಿ ಬಣ್ಣ ಸುಳ್ಳು ಹೇಳ್ತದ," ಎನ್ನುತ್ತಿದ್ದರು.

ಅವರಲ್ಲಿ ಕಲಿತು ನಾನು ಕಲ್ಲೂರಿನಲ್ಲಿ ಶಿಕ್ಷಕಿಯಾದ ಮೇಲೆ, ಎಪ್ಪತ್ತರ ದಶಕದ ಕೊನೆಗೆ, ರಾಯಚೂರಿನ ಜಲವರ್ಣ ಸ್ಪರ್ಧೆಗೆ ಒಂದು ಚಿತ್ರ ಕಳಿಸಿದೆ. ಮೂವರು ತೀರ್ಪುಗಾರರಲ್ಲಿ ಮಾಸ್ತರೂ ಒಬ್ಬರು. ಚಿತ್ರಗಳ ಮೇಲಿನ ಹೆಸರು ಕಾಣದಂತೆ ಕಾಗದ ಅಂಟಿಸಿದ್ದರು. ಇಬ್ಬರು ಕೈ ಎತ್ತಿದರೆ ಆಯ್ಕೆ. ನಾನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆ.

ನನ್ನ ಚಿತ್ರಕ್ಕೆ ಒಬ್ಬರು ಕೈ ಎತ್ತಿದರು. ಇನ್ನೊಬ್ಬರು ಬೇಡವೆಂದರು. ಮಾಸ್ತರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಯಾರದಂತ ನನಗ ಗುರ್ತು ಸಿಕ್ಕದ ರೀ. ನಾನೇ ಕಲಿಸಿದಾಕಿದು. ನಾ ಕೈ ಎತ್ತಂಗಿಲ್ಲ," ಎಂದು ಕೆಳಗಿಟ್ಟರು. ಚಿತ್ರ ವಾಪಸಾಯಿತು.

ಮಾನ್ವಿ ಬಸ್ಸಿನಲ್ಲಿ ಮಾಸ್ತರ ಪಕ್ಕದಲ್ಲೇ ಕೂತೆ. ಅವರೇ ಕೇಳಿದರು: "ಸಿಟ್ಟು ಬಂತೇನವ್ವಾ?"

"ಚಿತ್ರ ಚಲೋ ಇರಲಿಲ್ಲೇನ್ರಿ ಸರ್?"

"ಚಲೋ ಇತ್ತು. ಅದಕ್ಕ ನನಗ ಅಂಜಿಕಿ ಆತು, ನಾ ಮೆಚ್ಚಿದ್ದು ಚಿತ್ರಾನೋ ನಿನ್ನೋ ಅಂತ."

ಮರುವರ್ಷವೂ ಅವರನ್ನು ತೀರ್ಪಿಗೆ ಕರೆದರು. ನಾನು ಈ ಸಲವೂ ಚಿತ್ರ ಕಳಿಸುತ್ತೇನೆಯೇ ಎಂದು ಮಾಸ್ತರು ಮೊದಲು ನನ್ನನ್ನೇ ವಿಚಾರಿಸಿದರು. ಹೌದೆಂದಾಗ, ಬರಲಾಗುವುದಿಲ್ಲವೆಂದು ರಾಯಚೂರಿಗೆ ಕಾರ್ಡು ಬರೆದು, ನನ್ನ ಕೈಯಿಂದಲೇ ಅಂಚೆಗೆ ಹಾಕಿಸಿದರು.